ನೂರು ಗುಂಡಿ, ಒಂದು ಕ್ಯೂಬಿಟ್: ಕ್ವಾಂಟಮ್ ಕೆಲಸವನ್ನು ಕೈಯಾರೆ ಲೆಕ್ಕ ಹಾಕುವ ಬಗೆ

ಮೊದಲು ಚಿಕ್ಕಪೇಟೆಗೆ ಹೋಗಿ. ಮೆಟ್ರೊ ಇಳಿದು ಟೈಲರ್ ಸಾಮಾನು ಮಾರುವ ಅಂಗಡಿಗಳ ಕಡೆ ನಡೆದರೆ ಅಂಗಿ ಗುಂಡಿಗಳು ಡಜನ್ ಲೆಕ್ಕದಲ್ಲಿ ಸಿಗುತ್ತವೆ. ಒಂದೇ ಅಳತೆ, ಒಂದೇ ದಪ್ಪ, ನಾಲ್ಕು ಬಣ್ಣ. ಹಸಿರು ಐದು ಡಜನ್, ಕಪ್ಪು ಐದು ಡಜನ್, ನೀಲಿ ನಾಲ್ಕು ಡಜನ್, ಬಿಳಿ ಒಂದು ಡಜನ್ ಸಾಕು. ಕಪ್ಪು ಯಾಕೆ ಅಷ್ಟು ಅಂತ ಕೊನೆಗೆ ಗೊತ್ತಾಗುತ್ತದೆ. ಜೊತೆಗೆ ಮನೆಯಲ್ಲಿರುವ ಅಗಲ ಬಾಯಿಯ ಒಂದು ಸ್ಟೀಲ್ ಡಬ್ಬಿ, ಒಂದು ನೋಟ್‌ಬುಕ್, ಒಂದು ಕ್ಯಾಲ್ಕ್ಯುಲೇಟರ್ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಆಮೇಲೆ.

ನಾನು ಎಂ.ಎಸ್ಸಿ. ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಸಮತೋಲನದಿಂದ ಆಚೆ ತಳ್ಳಿದ ಸಣ್ಣ ಕ್ವಾಂಟಮ್ ವ್ಯವಸ್ಥೆಗಳ ಉಷ್ಣಗತಿಶಾಸ್ತ್ರ, ಅಂದರೆ ಬಿಸಿ ಮತ್ತು ಕೆಲಸದ ಲೆಕ್ಕ, ಈಗ ತುಂಬ ಮಕ್ಕಳಿಗೆ ಆಸೆ ಹುಟ್ಟಿಸುವ ವಿಷಯ. ಅವರು ನೇರವಾಗಿ ಪೈಥಾನ್ ತೆರೆದು, ಸಿದ್ಧ ಪ್ಯಾಕೇಜ್ ಹಾಕಿ, ಚೆಂದದ ಗ್ರಾಫ್ ಬರಿಸಿಕೊಂಡು ಬರುತ್ತಾರೆ. 'ಈ ಗ್ರಾಫಿನಲ್ಲಿ ಕೆಲಸ ಎಲ್ಲಿದೆ ತೋರಿಸಪ್ಪ' ಅಂದರೆ ಸುಮ್ಮನಾಗುತ್ತಾರೆ. ಅದು ಅವರ ತಪ್ಪಲ್ಲ. ಕೈಯಲ್ಲಿ ಒಮ್ಮೆಯೂ ಎಣಿಸದೆ ಈ ವಿಷಯ ಒಳಗೆ ಇಳಿಯುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಹಾಗಾಗಿ ಗುಂಡಿ: ಒಂದು ಗುಂಡಿ ಅಂದರೆ ಒಂದು ಸಲದ ಪ್ರಯೋಗ, ಅದರ ಬಣ್ಣ ಆ ಸಲ ಆದ ಕೆಲಸ.

ಮೊದಲು ಅಳತೆಗೋಲು ಗೊತ್ತುಮಾಡಿಕೊಳ್ಳಿ. ಈ ಲೆಕ್ಕದಲ್ಲಿ ಜೂಲ್ ಬೇಡ. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ತಾಪಮಾನದಿಂದ ಗುಣಿಸಿದರೆ ಬರುವ ಶಕ್ತಿಯೇ ನಮ್ಮ 1. ಅದನ್ನು ಕೆಟಿ ಅನ್ನೋಣ. ಎಲ್ಲ ಶಕ್ತಿಯನ್ನೂ ಅದರಲ್ಲೇ ಅಳೆಯಿರಿ. ಇದರ ಗಾತ್ರ ಮನಸ್ಸಿಗೆ ಬರಲಿ ಅಂತ ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಕ್ಯೂಬಿಟ್ ಅಂದರೆ ಎರಡೇ ಶಕ್ತಿ ಮಟ್ಟಗಳಿರುವ ಪುಟ್ಟ ಕ್ವಾಂಟಮ್ ವ್ಯವಸ್ಥೆ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳ ಎರಡು ಮಟ್ಟಗಳ ನಡುವಿನ ಅಂತರ ಸಾಮಾನ್ಯವಾಗಿ 5 ಗಿಗಾಹರ್ಟ್ಸ್ ಆಸುಪಾಸು. ಅದನ್ನು ತಾಪಮಾನಕ್ಕೆ ಬದಲಾಯಿಸಿದರೆ 0.24 ಕೆಲ್ವಿನ್. ನಮ್ಮ ಬೆಂಗಳೂರಿನ ಕೋಣೆಯ ಬಿಸಿ ಸುಮಾರು 300 ಕೆಲ್ವಿನ್. ಈ ಬಿಸಿಯಲ್ಲಿ ಆ ಕ್ಯೂಬಿಟ್‌ಗೆ ಮೇಲಿನ ಮಟ್ಟ ಯಾವುದು, ಕೆಳಗಿನದು ಯಾವುದು ಅನ್ನುವ ವ್ಯತ್ಯಾಸವೇ ಇರುವುದಿಲ್ಲ, ಎರಡರಲ್ಲೂ ಅರ್ಧರ್ಧ. ಅದಕ್ಕೇ ಅದನ್ನು ಮಿಲಿಕೆಲ್ವಿನ್‌ಗಳ ಚಳಿಯಲ್ಲಿ ಇಡುತ್ತಾರೆ. 0.12 ಕೆಲ್ವಿನ್‌ನಲ್ಲಿ ಇಟ್ಟರೆ ಅಂತರ ಸರಿಯಾಗಿ 2 ಕೆಟಿ ಆಗುತ್ತದೆ. ನಮ್ಮ ಆಟದ ಕ್ಯೂಬಿಟ್ ಅದೇ: ಕೆಳಗಿನ ಮಟ್ಟ −1, ಮೇಲಿನದು +1.

ಈ ಕ್ಯೂಬಿಟ್ ಮೊದಲಿಗೆ ಸಮತೋಲನದಲ್ಲಿದೆ. ಬೋಲ್ಟ್ಸ್‌ಮನ್ ಲೆಕ್ಕ ಹಾಕಿ, ಅಂದರೆ ಪ್ರತಿ ಮಟ್ಟದ ಶಕ್ತಿಯ ಚಿಹ್ನೆ ತಿರುಗಿಸಿ 2.718ರ ಘಾತವಾಗಿ ಏರಿಸಿ. ಕೆಳಗಿನ ಮಟ್ಟಕ್ಕೆ 2.718, ಮೇಲಿನದಕ್ಕೆ 0.368, ಒಟ್ಟು 3.086. ಅಂದರೆ ನೂರರಲ್ಲಿ 88 ಸಲ ಕೆಳಗೆ, 12 ಸಲ ಮೇಲೆ. ಈ 3.086 ಅನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಡಿ, ಬೇಕಾಗುತ್ತದೆ.

ಈಗ ತಳ್ಳುವುದು. ಕ್ಯೂಬಿಟ್ಟನ್ನು ಒಂದು ಪುಟ್ಟ ಕಾಂತದ ಹಾಗೆ ಯೋಚಿಸಿ, ಅದರ ಮೇಲೆ ಲಂಬವಾಗಿ ಒಂದು ಕಾಂತಕ್ಷೇತ್ರವಿದೆ. ಆ ಕ್ಷೇತ್ರವನ್ನು ಗಕ್ಕನೆ ಅಡ್ಡಕ್ಕೆ ತಿರುಗಿಸಿ, ಬಲವನ್ನೂ ಎರಡು ಪಟ್ಟು ಮಾಡಿ. ಹೊಸ ಮಟ್ಟಗಳು −2 ಮತ್ತು +2. ಕ್ಯೂಬಿಟ್‌ಗೆ ಏನಾಯಿತು ಅಂತ ತಿಳಿಯುವಷ್ಟು ಹೊತ್ತೂ ಕೊಡಬೇಡಿ. ಲಂಬವಾಗಿ ನಿಂತಿದ್ದ ಸ್ಪಿನ್ನನ್ನು, ಅಂದರೆ ಆ ಪುಟ್ಟ ಕಾಂತವನ್ನು, ಈಗ ಅಡ್ಡ ದಿಕ್ಕಿನಲ್ಲಿ ಅಳೆದರೆ ಉತ್ತರ ಅರ್ಧ ಸಲ −2, ಅರ್ಧ ಸಲ +2. ಮೊದಲು ಎಲ್ಲಿತ್ತು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇಡೀ ಆಟದಲ್ಲಿ ಕ್ವಾಂಟಮ್ ಎನ್ನುವುದು ಬರುವುದು ಈ ಅರ್ಧರ್ಧದಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಲಸ ಅಂದರೆ ಏನು? ಬ್ಯಾಂಕಿನ ಪಾಸ್‌ಬುಕ್ ನೆನಪಿಸಿಕೊಳ್ಳಿ. ಇಂದಿನ ಬಾಕಿ ಎಷ್ಟಿದೆ ಎಂದು ನೋಡಿದ ಮಾತ್ರಕ್ಕೆ ಈ ತಿಂಗಳು ಎಷ್ಟು ಜಮೆಯಾಯಿತು ಅಂತ ಗೊತ್ತಾಗುವುದಿಲ್ಲ. ತಿಂಗಳ ಮೊದಲ ಬಾಕಿ, ಕೊನೆಯ ಬಾಕಿ ಎರಡೂ ಬೇಕು, ಕಳೆಯಬೇಕು. ಕ್ವಾಂಟಮ್ ಕೆಲಸವೂ ಹಾಗೇ. ತಳ್ಳುವ ಮುಂಚೆ ಒಮ್ಮೆ ಶಕ್ತಿ ಅಳೆಯಿರಿ, ತಳ್ಳಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಹೊರಗಿನ ಬಿಸಿ ನಡುವೆ ತಾಗದಂತೆ ನೋಡಿಕೊಂಡಿದ್ದೇವಾದ್ದರಿಂದ ಆ ವ್ಯತ್ಯಾಸ ಪೂರ್ತಿ ಕೆಲಸವೇ. ನಾವು ಕ್ಯೂಬಿಟ್‌ಗೆ ಕೊಟ್ಟರೆ ಪ್ಲಸ್, ಅದು ನಮಗೆ ಕೊಟ್ಟರೆ ಮೈನಸ್. 2000ದಲ್ಲಿ ಭೌತವಿಜ್ಞಾನಿಗಳಾದ ಕುರ್ಚಾನ್ ಮತ್ತು ತಸಾಕಿ ಬೇರೆಬೇರೆಯಾಗಿ ಈ ಎರಡು ಅಳತೆಯ ದಾರಿ ಹಿಡಿದರು. 2007ರಲ್ಲಿ ಟಾಕ್‌ನರ್, ಲುಟ್ಸ್, ಹಂಗಿ ಮೂವರೂ ಸೇರಿ ಕೆಲಸ ಎನ್ನುವುದು ಸ್ಥಾನ, ವೇಗಗಳ ಹಾಗೆ ಒಂದೇ ಗಳಿಗೆಯಲ್ಲಿ ಅಳೆಯಬಹುದಾದ ರಾಶಿಯೇ ಅಲ್ಲ ಎಂದು ಖಚಿತವಾಗಿ ಬರೆದರು. ವಿದ್ಯಾರ್ಥಿಗಳು ಗ್ರಾಫಿನಲ್ಲಿ ಹುಡುಕಿ ಸಿಗದೇ ಸುಮ್ಮನಾಗುವುದು ಇದಕ್ಕೇ.

ಈಗ ನಾಲ್ಕು ದಾರಿಗಳನ್ನು ಬರೆಯಿರಿ. −1ರಿಂದ −2ಕ್ಕೆ ಹೋದರೆ ಕೆಲಸ −1, ಇದು ಹಸಿರು. −1ರಿಂದ +2ಕ್ಕೆ ಹೋದರೆ ಕೆಲಸ +3, ನೀಲಿ. +1ರಿಂದ −2ಕ್ಕೆ ಬಿದ್ದರೆ −3, ಕಪ್ಪು. +1ರಿಂದ +2ಕ್ಕೆ ಏರಿದರೆ +1, ಬಿಳಿ. 88ರ ಅರ್ಧ 44, 12ರ ಅರ್ಧ 6. ಡಬ್ಬಿಗೆ 44 ಹಸಿರು, 44 ನೀಲಿ, 6 ಕಪ್ಪು, 6 ಬಿಳಿ ಹಾಕಿ. ನಿಮ್ಮ ಕ್ವಾಂಟಮ್ ಪ್ರಯೋಗಶಾಲೆ ಸಿದ್ಧ.

ಮೊದಲ ವರ್ಷ ನಾನು ಗುಂಡಿ ತಂದಿರಲಿಲ್ಲ. ಅವರೆಕಾಯಿ ಕಾಲ, ಮನೆ ತುಂಬ ಅವರೆಕಾಳು ಇತ್ತು. ಅದನ್ನು ಹಸಿರಿನ ಜಾಗಕ್ಕೆ, ಕಡಲೆಕಾಳನ್ನು ನೀಲಿಯ ಜಾಗಕ್ಕೆ, ಆರು ಹೆಸರುಕಾಳನ್ನು ಕಪ್ಪಿನ ಜಾಗಕ್ಕೆ, ಆರು ಉದ್ದಿನಕಾಳನ್ನು ಬಿಳಿಯ ಜಾಗಕ್ಕೆ ಹಾಕಿಕೊಂಡು ಕ್ಲಾಸಿಗೆ ಹೋದೆ. ಡಬ್ಬಿ ಕುಲುಕಿ ಕುಲುಕಿ ತೆಗೆದರೂ ಹೆಸರುಕಾಳು ಕೈಗೆ ಬರಲೇ ಇಲ್ಲ. ಸಣ್ಣ ಕಾಳು ಕುಲುಕಿದಷ್ಟೂ ತಳಕ್ಕೆ ಇಳಿಯುತ್ತದೆ, ಮೇಲೆ ದಪ್ಪ ಕಾಳೇ ಉಳಿಯುತ್ತದೆ. ಲೆಕ್ಕ ಪೂರ್ತಿ ಕೆಟ್ಟಿತು, ಒಂದು ಗಂಟೆಯ ಕ್ಲಾಸು ಹಾಳಾಯಿತು. ಆ ದಿನ ಮನೆಗೆ ಬಂದು ಯೋಚಿಸಿದಾಗ ಈ ವಿಷಯದ ತಿರುಳೇ ಅಲ್ಲಿದೆ ಅನ್ನಿಸಿತು. ನೂರರಲ್ಲಿ ಆರೇ ಇದ್ದ ಕಾಳು ಕೈಗೆ ಸಿಗದಿದ್ದರೆ ಇಡೀ ನಿಯಮವೇ ಕಾಣೆಯಾಗುತ್ತದೆ. ಯಾಕೆ ಅನ್ನುವುದು ಈಗ ಬರುತ್ತದೆ.

ಒಂದು ಗುಂಡಿ ತೆಗೆಯಿರಿ, ಬಣ್ಣ ಬರೆಯಿರಿ, ವಾಪಸ್ ಹಾಕಿ, ಕುಲುಕಿ. ವಾಪಸ್ ಹಾಕುವುದನ್ನು ಮರೆಯಬೇಡಿ, ಅರ್ಧ ತಪ್ಪುಗಳು ಅಲ್ಲೇ ಆಗುತ್ತವೆ. ಇಪ್ಪತ್ತು ಸಲ ತೆಗೆದ ಮೇಲೆ ಎರಡು ಸರಾಸರಿ ಮಾಡಬೇಕು. ಒಂದು, ಕೆಲಸದ ಸೀದಾ ಸರಾಸರಿ. ಎರಡು, ಪ್ರತಿ ಗುಂಡಿಗೂ 2.718ರ ಘಾತವಾಗಿ ಕೆಲಸದ ಚಿಹ್ನೆ ತಿರುಗಿಸಿ ಏರಿಸಿದ ಸಂಖ್ಯೆಯ ಸರಾಸರಿ. ಈ ಸಂಖ್ಯೆಗಳನ್ನು ಮೊದಲೇ ಕೊಟ್ಟುಬಿಡುತ್ತೇನೆ: ಹಸಿರು 2.718, ನೀಲಿ 0.050, ಕಪ್ಪು 20.09, ಬಿಳಿ 0.368.

1997ರಲ್ಲಿ ಕ್ರಿಸ್ಟೋಫರ್ ಜಾರ್‌ಜಿನ್‌ಸ್ಕಿ ತೋರಿಸಿದ್ದು ಇದನ್ನು: ಎರಡನೇ ಸರಾಸರಿ ನೀವು ಎಷ್ಟು ಒರಟಾಗಿ ತಳ್ಳಿದರೂ, ಎಷ್ಟು ನಯವಾಗಿ ತಳ್ಳಿದರೂ ಒಂದೇ. ಅದು ಮುಕ್ತ ಶಕ್ತಿಯ, ಅಂದರೆ ಒಂದೇ ತಾಪಮಾನದಲ್ಲಿ ಕೆಲಸಕ್ಕೆ ಸಿಗಬಲ್ಲ ಶಕ್ತಿಯ, ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ನಮ್ಮ ಲೆಕ್ಕದಲ್ಲಿ ಹೊಸ ಮಟ್ಟಗಳಿಗೆ ಬೋಲ್ಟ್ಸ್‌ಮನ್ ಮೊತ್ತ 7.389ಕ್ಕೆ 0.135 ಕೂಡಿಸಿದರೆ 7.524. ಮೂಲೆಯಲ್ಲಿ ಬರೆದಿಟ್ಟ 3.086ರಿಂದ ಭಾಗಿಸಿ, 2.438. ಇದರ ಸಹಜ ಲಾಗರಿದಮ್ 0.891, ಚಿಹ್ನೆ ತಿರುಗಿಸಿದರೆ ಮುಕ್ತ ಶಕ್ತಿಯ ವ್ಯತ್ಯಾಸ −0.891. ಗುಂಡಿಗಳ ಎರಡನೇ ಸರಾಸರಿ 2.438ರ ಹತ್ತಿರ ಬರಬೇಕು.

ಕ್ಲಾಸಿನಲ್ಲಿ ಒಂದು ಜೋಡಿಗೆ ಇಪ್ಪತ್ತು ಸಲದಲ್ಲಿ 9 ಹಸಿರು, 10 ನೀಲಿ, 1 ಬಿಳಿ ಬಂತು. ಕಪ್ಪು ಒಂದೂ ಇಲ್ಲ. ಸರಾಸರಿ 1.27, ಮುಕ್ತ ಶಕ್ತಿ −0.24. ಪಕ್ಕದ ಬೆಂಚಿನವರಿಗೆ 9 ಹಸಿರು, 8 ನೀಲಿ, 3 ಕಪ್ಪು. ಸರಾಸರಿ 4.26, ಮುಕ್ತ ಶಕ್ತಿ −1.45. 'ಮೇಡಂ, ನಿಯಮ ತಪ್ಪು' ಅಂತ ಎರಡೂ ಕಡೆಯಿಂದ ಕೂಗು. ಹತ್ತು ಜೋಡಿಗಳ ಇನ್ನೂರು ಗುಂಡಿಗಳನ್ನೂ ಬೋರ್ಡಿನ ಮೇಲೆ ಕೂಡಿಸಿದೆವು. 89 ಹಸಿರು, 87 ನೀಲಿ, 11 ಕಪ್ಪು, 13 ಬಿಳಿ. ಸರಾಸರಿ 2.36, ಮುಕ್ತ ಶಕ್ತಿ −0.86. ಕೂಗು ನಿಂತಿತು. ಆಮೇಲೆ ಬಣ್ಣಬಣ್ಣವಾಗಿ ಒಡೆದು ನೋಡಲು ಹೇಳಿದೆ. ಒಟ್ಟು ಮೊತ್ತ 472ರಲ್ಲಿ 221 ಬರೀ ಹನ್ನೊಂದು ಕಪ್ಪು ಗುಂಡಿಗಳದ್ದು. ಎಂಬತ್ತೇಳು ನೀಲಿ ಸೇರಿ ಕೊಟ್ಟದ್ದು 4. ನೂರರಲ್ಲಿ ಆರೇ ಸಲ ಬರುವ ಘಟನೆ ಸಮೀಕರಣದ ಸುಮಾರು ಅರ್ಧ ಭಾರ ಹೊರುತ್ತದೆ. ಇಪ್ಪತ್ತು ಸಲ ತೆಗೆದವರಲ್ಲಿ ನೂರಕ್ಕೆ 29 ಮಂದಿಗೆ ಕಪ್ಪು ಸಿಗುವುದೇ ಇಲ್ಲ. ಮೊದಲ ಜೋಡಿಯ ಹುಡುಗರು ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ, ಸಾಕಷ್ಟು ಹೊತ್ತು ಕಾಯಲಿಲ್ಲ ಅಷ್ಟೇ.

ಸೀದಾ ಸರಾಸರಿಯನ್ನೂ ನೋಡಿ. ಅದು 0.76 ಆಸುಪಾಸು ಬರುತ್ತದೆ. ಉಷ್ಣಗತಿಶಾಸ್ತ್ರದ ಎರಡನೇ ನಿಯಮ ಕೇಳುವುದು ಸರಾಸರಿ ಕೆಲಸ −0.891ಕ್ಕಿಂತ ಕಡಿಮೆಯಾಗಬಾರದು ಅಂತ, ಆಗಿಲ್ಲ. ಆದರೆ ಡಬ್ಬಿಯಲ್ಲಿ ಹಸಿರು −1, ಕಪ್ಪು −3, ಎರಡೂ ಸೇರಿ 50 ಗುಂಡಿಗಳು ಆ ಗಡಿಯ ಕೆಳಗಿವೆ! ಅರ್ಧ ಸಲ ಗಡಿ ದಾಟುತ್ತದೆ, ನಿಯಮ ಮುರಿಯುವುದಿಲ್ಲ, ಏಕೆಂದರೆ ಅದು ಸರಾಸರಿಯ ಬಗ್ಗೆ ಮಾತ್ರ ಮಾತಾಡುತ್ತದೆ. ಒಂದು ಲೋಟ ಕಾಫಿಯಲ್ಲಿ ಕಣಗಳ ಸಂಖ್ಯೆ ಎಷ್ಟು ದೊಡ್ಡದೆಂದರೆ ಸರಾಸರಿಯಿಂದ ಆಚೀಚೆ ಆಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕ್ಯೂಬಿಟ್‌ನಲ್ಲಿ ಆ ಆಚೀಚೆಯೇ ಎಲ್ಲ.

ಇದನ್ನು ನಿಜವಾದ ಪ್ರಯೋಗದಲ್ಲಿ ಯಾರಾದರೂ ನೋಡಿದ್ದಾರಾ ಅಂತ ಪ್ರತಿ ವರ್ಷ ಯಾರೋ ಒಬ್ಬರು ಕೇಳುತ್ತಾರೆ, ಕೇಳಬೇಕು. 2014ರಲ್ಲಿ ಬ್ರೆಜಿಲ್‌ನಲ್ಲಿ ಕ್ಲೋರೋಫಾರ್ಮ್ ಅಣುವಿನ ಕಾರ್ಬನ್ ನ್ಯೂಕ್ಲಿಯಸ್ಸನ್ನು ಎನ್‌ಎಂಆರ್ ಯಂತ್ರದಲ್ಲಿ (ನ್ಯೂಕ್ಲಿಯಸ್ಸುಗಳ ಕಾಂತಗುಣ ಓದುವ ಯಂತ್ರ) ತಳ್ಳಿ, ಪಕ್ಕದ ಹೈಡ್ರೋಜನ್ ನ್ಯೂಕ್ಲಿಯಸ್ಸಿನ ಮೂಲಕ ಕೆಲಸದ ಹಂಚಿಕೆಯನ್ನು ಓದಿದರು. 2015ರಲ್ಲಿ ಬೀಜಿಂಗ್‌ನಲ್ಲಿ ಹಿಡಿದಿಟ್ಟ ಒಂದೇ ಒಂದು ಇಟರ್ಬಿಯಂ ಅಯಾನಿನ ಮೇಲೆ ಎರಡು ಅಳತೆಯ ಪ್ರಯೋಗ ಮಾಡಿ ಜಾರ್‌ಜಿನ್‌ಸ್ಕಿ ಸಮೀಕರಣ ಕೂಡುತ್ತದೆಂದು ತೋರಿಸಿದರು. ನಮ್ಮೂರಲ್ಲೂ, ಕ್ವಾಂಟಮ್ ಅಲ್ಲದಿದ್ದರೂ ಹತ್ತಿರದ ಸಂಬಂಧಿ ಅನ್ನಬಹುದಾದ ಕೆಲಸ ನಡೆದಿದೆ. ಐಐಎಸ್‌ಸಿ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ವಿಜ್ಞಾನಿಗಳು ಬ್ಯಾಕ್ಟೀರಿಯಾ ತುಂಬಿದ ದ್ರವದಲ್ಲಿ ಲೇಸರ್ ಹಿಡಿತದಲ್ಲಿಟ್ಟ ಒಂದು ಪುಟ್ಟ ಗೋಲಿಯಿಂದ ಸ್ಟರ್ಲಿಂಗ್ ಎಂಜಿನ್ (ಬಿಸಿಯಿಂದ ಕೆಲಸ ತೆಗೆಯುವ ಒಂದು ಬಗೆಯ ಎಂಜಿನ್) ನಡೆಸಿ 2016ರಲ್ಲಿ ಪ್ರಕಟಿಸಿದರು. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. ಯಶವಂತಪುರದ ಬಸ್ಸು ಹತ್ತಿದರೆ ಹೋಗಿ ನೋಡಬಹುದಾದ ಜಾಗ ಅನ್ನುವುದು ಮಕ್ಕಳ ಮುಖದಲ್ಲಿ ಏನೋ ಬದಲಿಸುತ್ತದೆ.

ಇನ್ನು ಲ್ಯಾಪ್‌ಟಾಪ್ ತೆರೆಯಿರಿ. ಈ ಸಲ ಕ್ಷೇತ್ರವನ್ನು ಗಕ್ಕನೆ ತಿರುಗಿಸದೆ, ಒಟ್ಟು ಕಾಲವನ್ನು ನೂರು ತುಂಡು ಮಾಡಿ ಮೆಲ್ಲಮೆಲ್ಲಗೆ ತಿರುಗಿಸಿ. ಪ್ರತಿ ತುಂಡಿನಲ್ಲೂ ಕ್ಷೇತ್ರ ಸ್ಥಿರವೆಂದು ಹಿಡಿದು ಕ್ಯೂಬಿಟ್‌ನ ಸ್ಥಿತಿಯನ್ನು ಮುಂದೊಯ್ಯುವ ಎರಡಕ್ಕೆರಡರ ಮ್ಯಾಟ್ರಿಕ್ಸ್ ಬರೆಯಿರಿ, ನೂರನ್ನೂ ಕ್ರಮವಾಗಿ ಗುಣಿಸಿ. ಬಂದ ಮ್ಯಾಟ್ರಿಕ್ಸ್‌ನಿಂದ ಬೇಕಾದ್ದು ಒಂದೇ ಸಂಖ್ಯೆ: ಕೆಳಗಿನಿಂದ ಹೊರಟದ್ದು ಮೇಲೆ ಮುಟ್ಟುವ ಸಾಧ್ಯತೆ. ಮೇಲಿನಿಂದ ಹೊರಟದ್ದು ಕೆಳಗೆ ಬೀಳುವ ಸಾಧ್ಯತೆಯೂ ಅಷ್ಟೇ ಇರುತ್ತದೆ, ಎರಡು ಮಟ್ಟದ ವ್ಯವಸ್ಥೆಯಲ್ಲಿ ಬೇರೆ ಆಗಲು ಸಾಧ್ಯವೇ ಇಲ್ಲ. ಈಗ ಒಂದು ಚೆಂದ ನೋಡಿ. ನೆಗೆಯದೆ ತಮ್ಮ ಮಟ್ಟದಲ್ಲೇ ಉಳಿದವುಗಳನ್ನಷ್ಟೇ ತೆಗೆದುಕೊಂಡರೆ 0.881 ಸಲ 2.718, ಅದಕ್ಕೆ 0.119 ಸಲ 0.368, ಒಟ್ಟು 2.438. ನೆಗೆದವುಗಳನ್ನಷ್ಟೇ ತೆಗೆದುಕೊಂಡರೆ 0.881 ಸಲ 0.050, ಅದಕ್ಕೆ 0.119 ಸಲ 20.09, ಅದೂ 2.438. ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದರೂ 2.438 ಅಲುಗುವುದಿಲ್ಲ. ವೇಗ ಬದಲಾದರೆ ಪ್ರಮಾಣ ಬದಲಾಗುತ್ತದೆ, ಉತ್ತರ ಅಲ್ಲೇ ಇರುತ್ತದೆ.

ಹಾಗಾಗಿ ಇದು ನಿಮ್ಮ ಪ್ರೋಗ್ರಾಮಿಗೆ ಹಿಡಿಯುವ ತಕ್ಕಡಿಯೂ ಹೌದು. ಒಬ್ಬ ಹುಡುಗಿಗೆ ನೂರು ತುಂಡು ಮಾಡಿದಾಗ 2.495 ಬರುತ್ತಿತ್ತು. ಸ್ಯಾಂಪಲ್ ಸಾಲದು ಅಂದುಕೊಂಡು ವಾರವಿಡೀ ಕಾಯುತ್ತಿದ್ದಳು. ಆದರೆ ಅವಳು ಸ್ಯಾಂಪಲ್ ತೆಗೆದೇ ಇರಲಿಲ್ಲ, ಪೂರ್ತಿ ಸಾಧ್ಯತೆಗಳನ್ನೇ ಕೂಡಿಸಿದ್ದಳು, ಅಲ್ಲಿ ತಪ್ಪಿಗೆ ಜಾಗವೇ ಇರಬಾರದು. ಕಾರಣ ಸಿಕ್ಕಿತು. ಪ್ರತಿ ತುಂಡಿಗೂ ಪೂರ್ತಿ ಘಾತೀಯ ಮ್ಯಾಟ್ರಿಕ್ಸ್ ಬರೆಯುವ ಬದಲು ಅದರ ಮೊದಲ ಎರಡು ಪದಗಳನ್ನಷ್ಟೇ ಇಟ್ಟುಕೊಂಡಿದ್ದಳು. ಹಾಗೆ ಮಾಡಿದರೆ ಒಂದೊಂದು ತುಂಡಿನಲ್ಲೂ ಒಟ್ಟು ಸಾಧ್ಯತೆ ಕೂದಲೆಳೆಯಷ್ಟು ಉಬ್ಬುತ್ತದೆ, ನೂರು ತುಂಡಿಗೆ ನೂರಕ್ಕೆ ಸುಮಾರು 2.3ರಷ್ಟು ಆಗುತ್ತದೆ. ಸೈನು, ಕೊಸೈನು ಹಾಕಿ ಪೂರ್ತಿ ಮ್ಯಾಟ್ರಿಕ್ಸ್ ಬರೆದ ತಕ್ಷಣ 2.438 ಬಂತು. ನಿಮಗೆ ಬೇರೆ ಸಂಖ್ಯೆ ಬಂದರೆ ಮೊದಲು ಸಾಧ್ಯತೆಗಳನ್ನು ಕೂಡಿಸಿ ಸರಿಯಾಗಿ 1 ಬರುತ್ತದಾ ನೋಡಿ.

ತುಂಬ ನಿಧಾನ ಮಾಡಿದಾಗ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ನೆಗೆತ ಪೂರ್ತಿ ನಿಲ್ಲುತ್ತದೆ, ಕೆಲಸ 88 ಸಲ −1, 12 ಸಲ +1, ಸರಾಸರಿ −0.762. ನಿಧಾನ ಮಾಡಿದರೆ ಏನೂ ಪೋಲಾಗಬಾರದು ಅಂತ ಎಲ್ಲರೂ ಓದಿಕೊಂಡಿರುತ್ತಾರೆ, ಆದರೆ −0.891 ಮುಟ್ಟುವುದಿಲ್ಲ. 0.13 ಉಳಿದೇ ಉಳಿಯುತ್ತದೆ. ಯಾಕೆಂದರೆ ನಮ್ಮ ಕ್ಯೂಬಿಟ್ ಒಂಟಿಯಾಗಿದೆ. ಮಟ್ಟಗಳ ಅಂತರ ಎರಡು ಪಟ್ಟಾಯಿತು, 88 ಮತ್ತು 12 ಬದಲಾಗಲಿಲ್ಲ. ಅಂದರೆ ಅದರ ತಾಪಮಾನವೇ ಎರಡು ಪಟ್ಟಾಗಿದೆ. ಮತ್ತೆ ಹೊರಗಿನ ತಂಪಿಗೆ ತಾಗಿಸಿದಾಗ ಆ 0.13 ಹಿಂದಿರುಗಿಸಲಾಗದಂತೆ ಕರಗುತ್ತದೆ. ಪೂರ್ತಿ ಉಳಿಸಬೇಕೆಂದರೆ ದಾರಿಯುದ್ದಕ್ಕೂ ಹೊರಗಿನ ಬಿಸಿಯ ಜೊತೆ ಸಂಪರ್ಕದಲ್ಲೇ ಇಟ್ಟು ನಿಧಾನ ಮಾಡಬೇಕು. ಗಕ್ಕನೆ ತಳ್ಳಿದಾಗ ಪೋಲಾಗುವುದು 1.65. ಅದರಲ್ಲಿ 0.33 ಹೊಸ ಮಟ್ಟಗಳ ನಡುವೆ ಹುಟ್ಟಿಕೊಂಡ ಕ್ವಾಂಟಮ್ ಬೆರಕೆಯ (ಒಂದೇ ಹೊತ್ತಿಗೆ ಎರಡೂ ಮಟ್ಟಗಳಲ್ಲಿರುವ ಸ್ಥಿತಿಯ) ಪಾಲು, ಉಳಿದದ್ದು ಮಟ್ಟಗಳ ತಪ್ಪು ಹಂಚಿಕೆಯದ್ದು. ಈ 0.33ಕ್ಕೆ ಹಳೆಯ ಉಷ್ಣಗತಿಶಾಸ್ತ್ರದಲ್ಲಿ ಜೋಡಿಯಿಲ್ಲ. ನನಗೆ ಈ ಪುಟ್ಟ ಸಂಖ್ಯೆಯ ಮೇಲೆ ವಿಶೇಷ ಪ್ರೀತಿ.

ಎಚ್ಚರಿಕೆಯ ಒಂದು ಮಾತು. ಈ ಇಡೀ ವಿಧಾನ ಸಮತೋಲನದಿಂದ ಹೊರಟಾಗ ಮಾತ್ರ ನಿರಾತಂಕ. ಮೊದಲೇ ಬೆರಕೆ ಸ್ಥಿತಿಯಲ್ಲಿರುವ ಕ್ಯೂಬಿಟ್ಟನ್ನು ಮೊದಲ ಅಳತೆಯೇ ಅಳಿಸಿಬಿಡುತ್ತದೆ, ಆಗ ನೀವು ಅಳೆದದ್ದು ಬೇರೆಯದೇ ಪ್ರಯೋಗದ ಕೆಲಸ. ಅಂಥ ಸ್ಥಿತಿಗಳಿಗೂ ಸರಾಸರಿ ಸರಿ ಬರಬೇಕು, ಬೆರಕೆ ಇಲ್ಲದಾಗ ಎರಡು ಅಳತೆಯ ಉತ್ತರವೇ ಬರಬೇಕು ಎಂದು ಕೇಳಿದರೆ ಯಾವ ಅಳತೆಯ ಕ್ರಮವೂ ಎರಡನ್ನೂ ಕೊಡಲಾರದು ಎಂದು 2017ರಲ್ಲಿ ಸಾಧಿಸಿದ್ದಾರೆ. ಪ್ರಾಜೆಕ್ಟಿಗೆ ವಿಷಯ ಹುಡುಕುವವರು ಇಲ್ಲಿ ಅಗೆಯಿರಿ.

ಈಗ ಆ ಕಪ್ಪು ಗುಂಡಿಗಳು. ಡಬ್ಬಿ ಖಾಲಿ ಮಾಡಿ. ಇದೇ ಪ್ರಯೋಗವನ್ನು ಹಿಮ್ಮುಖ ನಡೆಸೋಣ. −2, +2 ಮಟ್ಟಗಳ ಸಮತೋಲನದಿಂದ ಹೊರಟು, ಕ್ಷೇತ್ರವನ್ನು ಗಕ್ಕನೆ ಲಂಬಕ್ಕೆ ತಿರುಗಿಸಿ ಅರ್ಧ ಬಲಕ್ಕೆ ಇಳಿಸುವುದು. ಈ ಸಲ ನೂರರಲ್ಲಿ 98 ಕೆಳಗೆ, 2 ಮೇಲೆ. ಅದೇ ದಾರಿಯನ್ನು ತಿರುಗಿ ನಡೆದದ್ದಕ್ಕೆ ಅದೇ ಬಣ್ಣ ಕೊಡಿ, ಕೆಲಸದ ಚಿಹ್ನೆ ಮಾತ್ರ ಉಲ್ಟಾ. 49 ಹಸಿರು, 49 ಕಪ್ಪು, 1 ನೀಲಿ, 1 ಬಿಳಿ ಹಾಕಿ ಕುಲುಕಿ. ಮುಮ್ಮುಖದಲ್ಲಿ ಇಪ್ಪತ್ತು ಸಲ ತೆಗೆದರೂ ಸಿಗದೆ ಕಾಡಿದ ಕಪ್ಪು ಈಗ ಎರಡು ಸಲಕ್ಕೊಮ್ಮೆ ಬರುತ್ತದೆ. ಪ್ರತಿ ಬಣ್ಣಕ್ಕೂ ಮುಮ್ಮುಖದ ಸಾಧ್ಯತೆಯನ್ನು ಹಿಮ್ಮುಖದ್ದರಿಂದ ಭಾಗಿಸಿ. ಕಪ್ಪಿಗೆ 0.0596 ಭಾಗಿಸು 0.491, ಅಂದರೆ 0.121. ಪಕ್ಕದಲ್ಲೇ ಕಪ್ಪಿನ ಕೆಲಸ −3ರಿಂದ ಮುಕ್ತ ಶಕ್ತಿ −0.891 ಕಳೆದು, −2.109 ಬರೆದು, 2.718ರ ಘಾತವಾಗಿ ಏರಿಸಿ. ಅದೂ 0.121. 1999ರಲ್ಲಿ ಗ್ಯಾವಿನ್ ಕ್ರುಕ್ಸ್ ಬರೆದ ಸಂಬಂಧ ಇದು. ಉಳಿದ ಮೂರು ಬಣ್ಣಕ್ಕೂ ಹೀಗೇ ಮಾಡಿ, ಆದರೆ ನೀಲಿಗೂ ಬಿಳಿಗೂ ಗುಂಡಿಯ ಎಣಿಕೆ ಸಾಲದು, ಹಿಮ್ಮುಖದ ಸಾಧ್ಯತೆ 0.0090 ಅಂತ ಪೂರ್ತಿ ತೆಗೆದುಕೊಳ್ಳಿ. ನೀಲಿಯ ಉತ್ತರ 49ರ ಹತ್ತಿರ ಬರಬೇಕು.